ಮನಸ್ಸಿಟ್ಟು ಕಲಿಯುವುದನ್ನು ಅಳೆಯಬಹುದೇ?

ಮನೆಯಲ್ಲಿ ಮಗನೋ ಮಗಳೋ ಕಾಲೇಜಿಗೆ ಹೋಗುತ್ತಿದ್ದರೆ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. "ಕ್ಲಾಸಿಗೆ ಸರಿಯಾಗಿ ಹೋಗುತ್ತಿದ್ದೀಯಾ?" ಎಂಬುದು ಒಂದು, "ಎಷ್ಟು ಮಾರ್ಕ್ಸ್ ಬಂತು?" ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹಾಜರಿ ಪುಸ್ತಕ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅಂಕಪಟ್ಟಿ ಉತ್ತರ ಕೊಡುತ್ತದೆ. ಆದರೆ ಇವೆರಡರ ನಡುವೆ ನಾವು ಕೇಳದೆ ಬಿಡುವ ಮೂರನೆಯ ಪ್ರಶ್ನೆಯೊಂದಿದೆ. ಈ ಮಕ್ಕಳು ತಾವು ಕಲಿಯುತ್ತಿರುವುದರಲ್ಲಿ ಮನಸ್ಸಿಟ್ಟಿದ್ದಾರೆಯೇ? ತರಗತಿಯಲ್ಲಿ ಕುಳಿತವರು ಅಲ್ಲಿ ನಿಜವಾಗಿಯೂ ಇದ್ದಾರೆಯೇ?

ಕ್ಲಾಸಿಗೆ ಹೋಗದವನ ಹೆಸರಿನಲ್ಲಿ ಗೆಳೆಯನೊಬ್ಬ "ಪ್ರಾಕ್ಸಿ" ಹೇಳುವುದು ನಮಗೆಲ್ಲ ಗೊತ್ತಿರುವ ವಿಷಯ. ಪರೀಕ್ಷೆಯ ಹಿಂದಿನ ವಾರ ಗೈಡ್ ಓದಿ ಪ್ರಥಮ ದರ್ಜೆ ಪಡೆದು, ಮುಂದಿನ ತಿಂಗಳು ಎಲ್ಲವನ್ನೂ ಮರೆತವರನ್ನೂ ನಾವು ಬಲ್ಲೆವು. ಹಾಜರಿಯೂ ಇದೆ, ಅಂಕವೂ ಇದೆ, ಕಲಿಕೆ ಮಾತ್ರ ಇಲ್ಲ. ಹಾಗಾದರೆ ಮನಸ್ಸಿಟ್ಟು ಕಲಿಯುವುದನ್ನು ಅಳೆಯಲು ಬೇರೆ ದಾರಿ ಇದೆಯೇ? ಇದ್ದರೂ, ಇನ್ನೊಬ್ಬರ ಮನಸ್ಸನ್ನು ಹೀಗೆ ಅಳೆಯುವುದು ಸರಿಯೇ? ಈ ಎರಡು ಪ್ರಶ್ನೆಗಳನ್ನು ಇಂದು ನಾವು ಸೇರಿ ಯೋಚಿಸೋಣ.

ಅಳೆಯಲು ಹೊರಟವರು

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಲಿಕೆಯಲ್ಲಿ ಎಷ್ಟು ತೊಡಗಿಕೊಂಡಿದ್ದಾರೆ ಎಂಬುದನ್ನು ವ್ಯವಸ್ಥಿತವಾಗಿ ಅಳೆಯುವ ಪ್ರಯತ್ನ ಹೆಚ್ಚಾಗಿ ನಡೆದದ್ದು ಅಮೆರಿಕದಲ್ಲಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಪೇಸ್ ಅವರು 1979ರಲ್ಲಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಕಾಲೇಜು ಏನು ಕೊಟ್ಟಿತು ಎಂದು ಮಾತ್ರ ಕೇಳಿದರೆ ಸಾಲದು, ವಿದ್ಯಾರ್ಥಿ ಎಷ್ಟು ಶ್ರಮ ಹಾಕಿದ, ಆ ಶ್ರಮದ ಗುಣಮಟ್ಟವೇನು ಎಂದೂ ಕೇಳಬೇಕು ಎಂಬುದು ಅವರ ನಿಲುವು. ಅದೇ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಆಸ್ಟಿನ್ ಅವರು 1984ರಲ್ಲಿ ಈ ವಿಚಾರವನ್ನು ಇನ್ನಷ್ಟು ಬೆಳೆಸಿದರು. ಕಟ್ಟಡ, ಪುಸ್ತಕ, ಹಣ ಇವುಗಳಂತೆಯೇ ವಿದ್ಯಾರ್ಥಿಯ ಸಮಯವೂ ಶಕ್ತಿಯೂ ಒಂದು ಸಂಪತ್ತು, ಅದು ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ನೋಡಬೇಕು ಎಂದರು. 1987ರಲ್ಲಿ ಆರ್ಥರ್ ಚಿಕರಿಂಗ್ ಮತ್ತು ಜೆಲ್ಡಾ ಗ್ಯಾಮ್ಸನ್ ಎಂಬ ಇಬ್ಬರು ಒಳ್ಳೆಯ ಬೋಧನೆಯ ಏಳು ತತ್ವಗಳನ್ನು ಪಟ್ಟಿ ಮಾಡಿದರು. ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಒಡನಾಟ, ವಿದ್ಯಾರ್ಥಿಗಳು ಪರಸ್ಪರ ಸಹಕರಿಸುವುದು, ಮಾಡಿದ ಕೆಲಸದ ಬಗ್ಗೆ ತಡಮಾಡದೆ ಅಭಿಪ್ರಾಯ ತಿಳಿಸುವುದು ಇವೆಲ್ಲ ಅದರಲ್ಲಿವೆ.

ಇವೆಲ್ಲದರ ಮೇಲೆ ಕಟ್ಟಿದ್ದೇ ಇಂಡಿಯಾನಾ ವಿಶ್ವವಿದ್ಯಾಲಯದಿಂದ 2000ದಲ್ಲಿ ಆರಂಭವಾದ ರಾಷ್ಟ್ರೀಯ ಸಮೀಕ್ಷೆ. ಜಾರ್ಜ್ ಕುಹ್ ಅವರು ಅದರ ಮೊದಲ ನಿರ್ದೇಶಕರು. ಅಂದಿನಿಂದ ಅಮೆರಿಕ ಮತ್ತು ಕೆನಡಾಗಳ 1600ಕ್ಕೂ ಹೆಚ್ಚು ಕಾಲೇಜುಗಳು, ವಿಶ್ವವಿದ್ಯಾಲಯಗಳು ಒಂದಲ್ಲ ಒಂದು ವರ್ಷ ಇದರಲ್ಲಿ ಪಾಲ್ಗೊಂಡಿವೆ. 2007ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳೂ ಇದೇ ಮಾದರಿಯ ಸಮೀಕ್ಷೆಯನ್ನು ಶುರು ಮಾಡಿದವು.

ಈ ಸಮೀಕ್ಷೆ ಹುಟ್ಟಿದ ಕಾರಣವನ್ನು ಗಮನಿಸಿ. ಆ ದೇಶದಲ್ಲಿ ಪತ್ರಿಕೆಗಳು ಕಾಲೇಜುಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಕೊಡುವ ಪದ್ಧತಿ 1980ರ ದಶಕದಿಂದ ಬೆಳೆದಿತ್ತು. ಹೆಸರು, ಹಣ, ಪ್ರವೇಶ ಪಡೆದವರ ಅಂಕ ಇವೇ ಆ ಸ್ಥಾನಗಳಿಗೆ ಮುಖ್ಯ ಆಧಾರವಾಗಿದ್ದವು. ಒಳಗೆ ಬಂದ ವಿದ್ಯಾರ್ಥಿ ಅಲ್ಲಿ ಏನು ಮಾಡುತ್ತಾನೆ ಎಂದು ಕೇಳುವವರಿರಲಿಲ್ಲ. ಆ ಪ್ರಶ್ನೆಯನ್ನು ಕೇಳಬೇಕೆಂಬ ಉದ್ದೇಶದಿಂದಲೇ ಈ ಸಮೀಕ್ಷೆ ರೂಪುಗೊಂಡಿತು.

ಅದು ಕೇಳುವುದಾದರೂ ಏನನ್ನು? ಮೊದಲ ವರ್ಷದ ಮತ್ತು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಅದು ಮಾತನಾಡಿಸುತ್ತದೆ. ಈ ವರ್ಷ ತರಗತಿಯ ಚರ್ಚೆಯಲ್ಲಿ ಎಷ್ಟು ಸಲ ಪಾಲ್ಗೊಂಡಿರಿ? ಪಾಠದ ವಿಷಯವನ್ನು ಸಹಪಾಠಿಗೆ ವಿವರಿಸಿದ್ದೀರಾ? ಅಧ್ಯಾಪಕರ ಜೊತೆ ಮುಂದಿನ ಬದುಕಿನ ಬಗ್ಗೆ ಮಾತನಾಡಿದ್ದೀರಾ? ಇನ್ನೊಬ್ಬರ ಜಾಗದಲ್ಲಿ ನಿಂತು ಅವರ ಅಭಿಪ್ರಾಯವನ್ನು ಅರ್ಥಮಾಡಿಕೊಳ್ಳಲು ಪ್ರಯತ್ನಿಸಿದ್ದೀರಾ? ವಾರಕ್ಕೆ ಎಷ್ಟು ಗಂಟೆ ಓದುತ್ತೀರಿ? ಎಷ್ಟು ಗಂಟೆ ಸಂಬಳಕ್ಕೆ ದುಡಿಯುತ್ತೀರಿ? ಮನೆಯವರ ಆರೈಕೆಗೆ ಎಷ್ಟು ಹೊತ್ತು ಹೋಗುತ್ತದೆ? ಹೀಗೆ ಪ್ರಶ್ನೆಗಳು ಸಾಗುತ್ತವೆ. "ಕಾಲೇಜು ನಿಮಗೆ ಇಷ್ಟವಾಯಿತೇ?" ಎಂಬಲ್ಲಿಗೇ ಅವು ನಿಲ್ಲುವುದಿಲ್ಲ. "ನೀವು ಏನು ಮಾಡಿದಿರಿ?" ಎಂದು ಕೇಳುತ್ತವೆ.

ಈ ಎರಡರ ವ್ಯತ್ಯಾಸ ದೊಡ್ಡದು. ನಮ್ಮ ದೇಶದಲ್ಲಿ ಕಾಲೇಜುಗಳ ಗುಣಮಟ್ಟ ನೋಡುವ 'ನ್ಯಾಕ್' ಸಂಸ್ಥೆ 1994ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. 2017ರಲ್ಲಿ ಅದು ತನ್ನ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳ ಸಮೀಕ್ಷೆಯನ್ನು ಸೇರಿಸಿದಾಗ ಅದಕ್ಕೆ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಎಂದು ಹೆಸರಿಟ್ಟಿತು. ವಿದ್ಯಾರ್ಥಿಯ ಮಾತಿಗೆ ಬೆಲೆ ಬಂದದ್ದು ಒಳ್ಳೆಯದೇ. ಆದರೆ ತೃಪ್ತಿ ಬೇರೆ, ತೊಡಗುವಿಕೆ ಬೇರೆ. ಸುಲಭವಾಗಿ ಅಂಕ ಕೊಡುವ ಅಧ್ಯಾಪಕರಿಂದ ತೃಪ್ತಿ ಸಿಗಬಹುದು. ಬರೆದದ್ದನ್ನು ಮೂರು ಸಲ ತಿದ್ದಿ ಬರೆಸುವ ಅಧ್ಯಾಪಕಿಯ ಮೇಲೆ ಆ ಹೊತ್ತಿಗೆ ಸಿಟ್ಟೇ ಬರಬಹುದು. ಹತ್ತು ವರ್ಷಗಳ ನಂತರ ನೆನಪಿಗೆ ಬರುವುದು ಮಾತ್ರ ಆ ಅಧ್ಯಾಪಕಿಯೇ.

ಅಳತೆಯಿಂದ ಕಂಡ ಸತ್ಯಗಳು

"ಕಲಿಕೆಯನ್ನು ತಕ್ಕಡಿಯಲ್ಲಿ ತೂಗಲು ಅದೇನು ಅಕ್ಕಿಯೇ, ಬೇಳೆಯೇ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅಳೆಯದೆ ಇದ್ದಿದ್ದರೆ ಕಣ್ಣಿಗೆ ಬೀಳದೇ ಹೋಗುತ್ತಿದ್ದ ಕೆಲವು ಸತ್ಯಗಳೂ ಇವೆ.

ಫಿಲಿಪ್ ಬ್ಯಾಬ್‌ಕಾಕ್ ಮತ್ತು ಮಿಂಡಿ ಮಾರ್ಕ್ಸ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಮತ್ತು ಹೊಸ ಸಮೀಕ್ಷೆಗಳನ್ನು ಹೋಲಿಸಿ ನೋಡಿದರು. ಅಮೆರಿಕದ ಪೂರ್ಣಾವಧಿ ಕಾಲೇಜು ವಿದ್ಯಾರ್ಥಿಗಳು 1961ರಲ್ಲಿ ತರಗತಿಯ ಹೊರಗೆ ವಾರಕ್ಕೆ ಸುಮಾರು 24 ಗಂಟೆ ಓದುತ್ತಿದ್ದರು. 2003ರ ಹೊತ್ತಿಗೆ ಅದು ಸುಮಾರು 14 ಗಂಟೆಗೆ ಇಳಿದಿತ್ತು. ಕೆಲಸಕ್ಕೆ ಹೋಗುವವರಲ್ಲೂ ಹೋಗದವರಲ್ಲೂ, ಎಲ್ಲ ವಿಷಯಗಳನ್ನು ಓದುವವರಲ್ಲೂ ಈ ಇಳಿಕೆ ಕಂಡಿತು. ಇಷ್ಟು ವರ್ಷ ಪದವಿಗಳು ಎಂದಿನಂತೆ ಸಿಗುತ್ತಲೇ ಇದ್ದವು. ಘಟಿಕೋತ್ಸವದ ಕಪ್ಪು ಗೌನು ಅದೇ, ಚಪ್ಪಾಳೆಯೂ ಅದೇ. ಒಳಗೆ ಏನೋ ಕರಗುತ್ತಿದೆ ಎಂದು ತಿಳಿಸಿದ್ದು ಈ ಲೆಕ್ಕವೇ.

ಇನ್ನೊಂದು ಸತ್ಯ ತಂದೆತಾಯಿಗಳಾದ ನಮಗೆ ಹೆಚ್ಚು ಮುಖ್ಯ. ಇಂಡಿಯಾನಾದ ಸಮೀಕ್ಷೆಯಲ್ಲಿ ಮತ್ತೆ ಮತ್ತೆ ಕಂಡುಬಂದದ್ದೇನೆಂದರೆ, ಒಂದು ಕಾಲೇಜಿಗೂ ಇನ್ನೊಂದು ಕಾಲೇಜಿಗೂ ಇರುವ ಅಂತರಕ್ಕಿಂತ ಒಂದೇ ಕಾಲೇಜಿನ ಒಳಗೆ ವಿದ್ಯಾರ್ಥಿ ವಿದ್ಯಾರ್ಥಿಗಳ ನಡುವೆ ಇರುವ ಅಂತರ ಬಹಳ ದೊಡ್ಡದು. ಹೆಸರಾಂತ ಸಂಸ್ಥೆಯಲ್ಲೂ ಸುಮ್ಮನೆ ಕಾಲ ಕಳೆಯುವವರು ಇದ್ದಾರೆ. ಯಾರಿಗೂ ಗೊತ್ತಿಲ್ಲದ ಸಣ್ಣ ಊರಿನ ಕಾಲೇಜಿನಲ್ಲೂ ಮೈಮರೆತು ಕಲಿಯುವವರು ಇದ್ದಾರೆ. ದೊಡ್ಡ ಕಾಲೇಜಿನ ಸೀಟಿಗಾಗಿ ಸಾಲ ಮಾಡಿ, ಚಿನ್ನ ಅಡವಿಟ್ಟು ಓಡಾಡುವ ನಾವು ಸೀಟು ಸಿಕ್ಕಿದ ಮೇಲೆ ನೆಮ್ಮದಿಯಿಂದ ಕೂತುಬಿಡುತ್ತೇವೆ. ಆದರೆ ಮುಖ್ಯವಾದದ್ದು ಆಮೇಲೆಯೇ ಶುರುವಾಗುತ್ತದೆ.

ಮೂರನೆಯದು, ತೊಡಗುವಿಕೆ ಎಂದರೆ ವಿದ್ಯಾರ್ಥಿಯೊಬ್ಬನ ಹೊಣೆ ಮಾತ್ರವಲ್ಲ ಎಂಬುದು. ಕುಹ್ ಮತ್ತು ಅವರ ಸಂಗಡಿಗರು ಅದಕ್ಕೆ ಎರಡು ಭಾಗಗಳಿವೆ ಎನ್ನುತ್ತಾರೆ. ವಿದ್ಯಾರ್ಥಿ ಹಾಕುವ ಸಮಯ ಮತ್ತು ಶ್ರಮ ಒಂದು ಭಾಗ. ಅವನು ಹಾಗೆ ತೊಡಗುವಂತೆ ಸಂಸ್ಥೆಯು ತನ್ನ ಪಾಠ, ಅಧ್ಯಾಪಕರು, ಗ್ರಂಥಾಲಯ, ಅವಕಾಶಗಳನ್ನು ಹೇಗೆ ಜೋಡಿಸಿದೆ ಎಂಬುದು ಇನ್ನೊಂದು ಭಾಗ. "ಈಗಿನ ಹುಡುಗರಿಗೆ ಓದುವ ಮನಸ್ಸೇ ಇಲ್ಲ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಪ್ರಶ್ನೆ ಕೇಳಿದವನನ್ನು ಗದರಿಸಿ ಕೂರಿಸುವ ತರಗತಿಯಲ್ಲಿ ಮನಸ್ಸಿಡುವುದಾದರೂ ಹೇಗೆ? ಒಳ್ಳೆಯ ಅಳತೆ ಎರಡೂ ಕಡೆಯವರಿಗೆ ಕನ್ನಡಿ ಹಿಡಿಯುತ್ತದೆ.

ಅಳತೆ ಎಡವುವ ಜಾಗಗಳು

ಇಷ್ಟೆಲ್ಲ ಹೇಳಿದ ಮೇಲೂ ಅಳತೆಗೆ ಮಿತಿಗಳಿವೆ. 2011ರಲ್ಲಿ ಸ್ಟೀಫನ್ ಪೋರ್ಟರ್ ಎಂಬ ವಿದ್ವಾಂಸರು ಇಂತಹ ಸಮೀಕ್ಷೆಗಳನ್ನು ಕಟುವಾಗಿ ವಿಮರ್ಶಿಸಿದರು. ವರ್ಷವಿಡೀ ಎಷ್ಟು ಸಲ ಏನು ಮಾಡಿದೆವೆಂದು ಯಾರು ಲೆಕ್ಕ ಇಟ್ಟಿರುತ್ತಾರೆ? ನೆನಪಿಲ್ಲದಿದ್ದರೂ ಸರಿ ಎನಿಸಿದ ಉತ್ತರಕ್ಕೆ ಗುರುತು ಹಾಕಿಬಿಡುತ್ತಾರೆ. "ಆಗಾಗ" ಎಂದರೆ ಒಬ್ಬಳಿಗೆ ವಾರಕ್ಕೊಮ್ಮೆ, ಇನ್ನೊಬ್ಬನಿಗೆ ತಿಂಗಳಿಗೊಮ್ಮೆ. ಈ ಆಕ್ಷೇಪಗಳಲ್ಲಿ ಹುರುಳಿದೆ.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. 2004ರಲ್ಲಿ ಜೆನಿಫರ್ ಫ್ರೆಡ್ರಿಕ್ಸ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಶಾಲಾ ಮಕ್ಕಳ ತೊಡಗುವಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಡತೆಯಲ್ಲಿ ಕಾಣುವುದು ಒಂದು, ಭಾವನೆಯಲ್ಲಿ ಇರುವುದು ಇನ್ನೊಂದು, ಬುದ್ಧಿಯ ಶ್ರಮದಲ್ಲಿ ಇರುವುದು ಮತ್ತೊಂದು. ನಮ್ಮ ಮಾತಿನಲ್ಲಿ ಮೈ, ಮನಸ್ಸು, ಬುದ್ಧಿ ಎನ್ನಬಹುದು. ಹೊರಗಿನಿಂದ ನೋಡುವವನಿಗೆ ಸುಲಭವಾಗಿ ಸಿಗುವುದು ಮೈ ಒಂದೇ. ಕೈ ಎತ್ತಿದವರನ್ನು ಎಣಿಸಬಹುದು. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತು, ಕೇಳಿದ ಒಂದೇ ವಾಕ್ಯವನ್ನು ಮನೆಗೆ ಹೋಗುವ ಬಸ್ಸಿನಲ್ಲಿ ಮತ್ತೆ ಮತ್ತೆ ಯೋಚಿಸುವ ಹುಡುಗಿಯನ್ನು ಎಣಿಸುವುದು ಹೇಗೆ?

ಬಡ ವಿದ್ಯಾರ್ಥಿಯ ವಿಷಯವೂ ಹೀಗೆಯೇ. ಬೆಳಗ್ಗೆ ಮನೆಮನೆಗೆ ಹಾಲು ಹಾಕಿ, ಸಂಜೆ ಅಂಗಡಿಯಲ್ಲಿ ನಿಂತು, ರಾತ್ರಿ ಒಂದು ಗಂಟೆ ಓದುವವನ ಲೆಕ್ಕ "ಒಂದು ಗಂಟೆ" ಎಂದೇ ಬರುತ್ತದೆ. ಹಾಸ್ಟೆಲಿನಲ್ಲಿ ಯಾವ ಚಿಂತೆಯೂ ಇಲ್ಲದೆ ಇರುವವನದು "ಮೂರು ಗಂಟೆ" ಎಂದು ಬರುತ್ತದೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ ಗೊತ್ತಿರುವ ನಮಗೆ, ಈ ಎರಡು ಲೆಕ್ಕಗಳನ್ನು ಪಕ್ಕ ಪಕ್ಕ ಇಟ್ಟು ತೀರ್ಪು ಕೊಡುವುದು ನ್ಯಾಯವಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಮೀಕ್ಷೆಯಲ್ಲಿ ದುಡಿಮೆಯ ಗಂಟೆಗಳನ್ನೂ ಆರೈಕೆಯ ಗಂಟೆಗಳನ್ನೂ ಕೇಳುವುದು ಈ ಕಾರಣದಿಂದ ಒಳ್ಳೆಯದು. ಆದರೆ ಕೇಳಿದ್ದನ್ನು ಅರ್ಥಮಾಡಿಕೊಂಡು ಬಳಸುವವರು ಬೇಕು.

ಈಗ ಕಂಪ್ಯೂಟರ್ ಬಂದ ಮೇಲೆ ಪ್ರಶ್ನೆ ಕೇಳುವ ಗೋಜೂ ಇಲ್ಲ. ಪಾಠದ ಪುಟವನ್ನು ಯಾರು ಎಷ್ಟು ಸಲ ತೆರೆದರು ಎಂದು ಯಂತ್ರವೇ ಎಣಿಸುತ್ತದೆ. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯ 2007ರ ಸುಮಾರಿಗೆ ಇಂತಹದೊಂದು ವ್ಯವಸ್ಥೆಯನ್ನು ತಂದಿತ್ತು. ರಸ್ತೆಯ ಸಿಗ್ನಲ್ಲಿನಂತೆ ವಿದ್ಯಾರ್ಥಿಗೆ ಕೆಂಪು, ಹಳದಿ, ಹಸಿರು ದೀಪ ಕಾಣುತ್ತಿತ್ತು. ಹಿಂದೆ ಬಿದ್ದವರನ್ನು ಬೇಗ ಗುರುತಿಸಿ ಎಚ್ಚರಿಸುವ ಒಳ್ಳೆಯ ಉದ್ದೇಶ ಅದರದ್ದು. ಈ ದೀಪಗಳಿದ್ದ ಎರಡು ಅಥವಾ ಹೆಚ್ಚು ಕೋರ್ಸುಗಳನ್ನು ತೆಗೆದುಕೊಂಡವರು ಓದು ಬಿಡುವುದು ಕಡಿಮೆ ಎಂದು ಪ್ರಚಾರವೂ ಆಯಿತು. ಆದರೆ 2013ರಲ್ಲಿ ಕೆಲವರು ಒಂದು ಸರಳ ಸಂಗತಿಯನ್ನು ಎತ್ತಿ ತೋರಿಸಿದರು. ಓದು ಬಿಡದೆ ಉಳಿದವರೇ ತಾನೇ ಹೆಚ್ಚು ಕೋರ್ಸುಗಳನ್ನು ತೆಗೆದುಕೊಳ್ಳಲು ಸಾಧ್ಯ? ದೀಪದಿಂದಾಗಿ ಉಳಿದರೋ, ಉಳಿದದ್ದರಿಂದ ಹೆಚ್ಚು ದೀಪ ಕಂಡರೋ? ಸಂಖ್ಯೆಗಳು ಸುಳ್ಳಾಗಿರಲಿಲ್ಲ. ಅವುಗಳಿಂದ ತೆಗೆದ ತೀರ್ಮಾನ ಗಟ್ಟಿಯಾಗಿರಲಿಲ್ಲ.

ಅಳತೆಯೇ ಗುರಿಯಾದರೆ ಇನ್ನೂ ಕಷ್ಟ. ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿ ಶೇಕಡ 75ರ ಹಾಜರಿ ನಿಯಮವಿದೆ. ತರಗತಿಗೆ ಬರಲಿ, ಕಲಿಯಲಿ ಎಂಬುದು ಅದರ ಆಶಯ. ಅದು ಹುಟ್ಟಿಸಿದ್ದರಲ್ಲಿ ಪ್ರಾಕ್ಸಿಯೂ ಒಂದು. ನಾಳೆ ಪುಟ ತೆರೆದ ಲೆಕ್ಕಕ್ಕೆ ಅಂಕ ಕೊಟ್ಟರೆ ಪುಟಗಳು ತೆರೆಯುತ್ತವೆ, ಪಾಠ ಓದಿರಬೇಕೆಂದಿಲ್ಲ. ಮಾತನಾಡಿದ್ದಕ್ಕೆ ಅಂಕ ಕೊಟ್ಟರೆ ಮಾತು ಹೆಚ್ಚುತ್ತದೆ, ಯೋಚನೆ ಹೆಚ್ಚಬೇಕೆಂದಿಲ್ಲ.

ಗಮನ ಎಂದರೇನು?

ಈ ವಿಷಯದಲ್ಲಿ ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ ಅವರನ್ನು ನೆನೆಯಬೇಕು. ಸ್ವತಃ ಶಾಲೆಯಲ್ಲಿ ತತ್ವಶಾಸ್ತ್ರ ಕಲಿಸಿದ ಆಕೆ, 1942ರಲ್ಲಿ ಶಾಲಾ ಓದಿನ ಬಗ್ಗೆ ಒಂದು ಪ್ರಬಂಧ ಬರೆದು ಡೊಮಿನಿಕನ್ ಸಭೆಯ ಗುರು ಪೆರ‍್ರಿನ್ ಅವರಿಗೆ ಕಳುಹಿಸಿದರು. ಗಮನ ಕೊಡಿ ಎಂದು ಮಾಸ್ತರರು ಹೇಳಿದಾಗ ಮಕ್ಕಳು ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು ಕೂರುತ್ತಾರೆ. ಎರಡು ನಿಮಿಷದ ನಂತರ, ಯಾವುದಕ್ಕೆ ಗಮನ ಕೊಡುತ್ತಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲ. ಅವರು ಸ್ನಾಯುಗಳನ್ನು ಬಿಗಿದದ್ದು ಮಾತ್ರ, ಗಮನ ಕೊಟ್ಟಿಲ್ಲ ಎನ್ನುತ್ತಾರೆ ಆಕೆ. ಹೊರಗಿನ ಚಿಹ್ನೆಗಳನ್ನು ಮಾತ್ರ ಅಳೆಯುವವರೆಲ್ಲ ಕೇಳಿಸಿಕೊಳ್ಳಬೇಕಾದ ಮಾತಿದು.

ಆಕೆಯ ಇನ್ನೊಂದು ವಿಚಾರ ಇನ್ನೂ ದೊಡ್ಡದು. ರೇಖಾಗಣಿತದ ಒಂದು ಲೆಕ್ಕದ ಮುಂದೆ ಒಂದು ತಾಸು ನಿಜವಾದ ಗಮನದಿಂದ ಕುಳಿತು, ಕೊನೆಗೂ ಉತ್ತರ ಸಿಗದಿದ್ದರೆ ಆ ತಾಸು ವ್ಯರ್ಥವೇ? ಅಲ್ಲ ಎನ್ನುತ್ತಾರೆ ಆಕೆ. ಅಲ್ಲಿ ಬೆಳೆದ ಗಮನವೇ ಮುಂದೆ ಪ್ರಾರ್ಥನೆಯಲ್ಲಿ ದೇವರ ಕಡೆಗೂ, ಕಷ್ಟದಲ್ಲಿರುವ ನೆರೆಯವನ ಕಡೆಗೂ ತಿರುಗುತ್ತದೆ. ಅಂಕಪಟ್ಟಿಯಲ್ಲಿ ಆ ಲೆಕ್ಕಕ್ಕೆ ಸೊನ್ನೆ ಬರಬಹುದು. ಆದರೆ ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಡಾಕ್ಟರು, ಕಡತವನ್ನು ಓದಿ ಸಹಿ ಹಾಕುವ ಅಧಿಕಾರಿ, ವಯಸ್ಸಾದ ತಾಯಿಯ ಪಕ್ಕದಲ್ಲಿ ತಾಳ್ಮೆಯಿಂದ ಕೂರುವ ಮಗ, ಇವರೆಲ್ಲ ಅಂತಹ ತಾಸುಗಳಿಂದಲೇ ತಯಾರಾಗುತ್ತಾರೆ. ಹಾಗಾಗಿ ಮನಸ್ಸಿಟ್ಟು ಕಲಿಯುವುದು ಬರೀ ಓದಿನ ವಿಷಯವಲ್ಲ, ನೀತಿಯ ವಿಷಯವೂ ಹೌದು.

2019ರಲ್ಲಿ ಸಂತರೆಂದು ಘೋಷಿತರಾದ ಕಾರ್ಡಿನಲ್ ನ್ಯೂಮನ್ ಅವರು 1852ರಲ್ಲಿ ಡಬ್ಲಿನ್‌ನಲ್ಲಿ ವಿಶ್ವವಿದ್ಯಾಲಯದ ಬಗ್ಗೆ ಉಪನ್ಯಾಸಗಳನ್ನು ಕೊಟ್ಟರು. ಬರೀ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ ಒಂದು ಕಡೆ, ಪರೀಕ್ಷೆಯೇ ಇಲ್ಲದೆ ಯುವಕರನ್ನು ಕೆಲವು ವರ್ಷ ಒಟ್ಟಿಗೆ ಇರಿಸುವ ಸಂಸ್ಥೆ ಇನ್ನೊಂದು ಕಡೆ, ಇವೆರಡರಲ್ಲಿ ಒಂದನ್ನೇ ಆರಿಸಬೇಕಾದರೆ ಎರಡನೆಯದೇ ಮೇಲು ಎಂಬುದು ಅವರ ವಾದವಾಗಿತ್ತು. ಯುವಕರು ಪರಸ್ಪರ ಮಾತಿನಿಂದ, ವಾದದಿಂದ ಕಲಿಯುವುದು ಅಷ್ಟು ದೊಡ್ಡದು ಎಂದು ಅವರು ನಂಬಿದ್ದರು. ಸಹಪಾಠಿಗೆ ಪಾಠ ವಿವರಿಸಿದ್ದೀರಾ ಎಂದು ಇಂದಿನ ಸಮೀಕ್ಷೆ ಕೇಳುವಾಗ, ತಿಳಿದೋ ತಿಳಿಯದೆಯೋ ಅದೇ ಹಾದಿಯಲ್ಲಿದೆ.

ಹಾಗಾದರೆ ಅಳೆಯಬೇಕೇ, ಬೇಡವೇ?

ಅಳೆಯಬಹುದು, ಆದರೆ ಮೂರು ಮಾತುಗಳನ್ನು ಮರೆಯಬಾರದು.

ಮೊದಲನೆಯದಾಗಿ, ಅಳತೆ ಯಾರಿಗಾಗಿ? ವೈದ್ಯರು ಜ್ವರ ಅಳೆಯುವುದು ರೋಗಿಯನ್ನು ಬೈಯಲು ಅಲ್ಲ, ಗುಣಪಡಿಸಲು. ಕಲಿಸುವುದನ್ನು ಸುಧಾರಿಸಲು ಕೇಳಿದ ಪ್ರಶ್ನೆ ಒಳ್ಳೆಯದು. ವಿದ್ಯಾರ್ಥಿಗಳನ್ನೋ ಕಾಲೇಜುಗಳನ್ನೋ ಮೇಲೆ ಕೆಳಗೆ ಎಂದು ಸಾಲಾಗಿ ನಿಲ್ಲಿಸಲು ಅದೇ ಪ್ರಶ್ನೆಯನ್ನು ಬಳಸಿದರೆ ಉತ್ತರಗಳೇ ಕೆಡುತ್ತವೆ. ಹೆದರಿದವರು ನಿಜ ಹೇಳುವುದಿಲ್ಲ.

ಎರಡನೆಯದಾಗಿ, ಅಳೆಸಿಕೊಳ್ಳುವವರಿಗೆ ಅದು ಗೊತ್ತಿದೆಯೇ? ಒಬ್ಬರನ್ನು ಕೇಳುವುದಕ್ಕೂ ಅವರಿಗೆ ತಿಳಿಯದಂತೆ ಕಾಯುವುದಕ್ಕೂ ವ್ಯತ್ಯಾಸವಿದೆ. ಕೇಳಿದಾಗ ಅವರನ್ನು ಉತ್ತರ ಕೊಡಬಲ್ಲ ಮನುಷ್ಯರಾಗಿ ನೋಡುತ್ತೇವೆ. ಗುಟ್ಟಾಗಿ ಎಣಿಸಿದಾಗ ವಸ್ತುವಾಗಿ ನೋಡುತ್ತೇವೆ.

ಮೂರನೆಯದಾಗಿ, ಅಳೆದ ಮೇಲೆ ಏನು ಮಾಡುತ್ತೇವೆ? ವಿದ್ಯಾರ್ಥಿಗಳು ಗುರುತು ಹಾಕಿಕೊಟ್ಟ ಹಾಳೆಗಳನ್ನು ಕಟ್ಟಿ ಕಪಾಟಿನಲ್ಲಿಡುವುದಾದರೆ ಕೇಳಬಾರದಿತ್ತು. ಅಧ್ಯಾಪಕರ ಜೊತೆ ಒಮ್ಮೆಯೂ ಮಾತನಾಡಿಲ್ಲ ಎಂದು ನೂರು ಮಂದಿ ಬರೆದರೆ, ಅಧ್ಯಾಪಕರ ಕೋಣೆಯ ಬಾಗಿಲು ಮರುದಿನದಿಂದ ತೆರೆದಿರಬೇಕು. ಕೇಳಿದವನಿಗೆ ಉತ್ತರವನ್ನು ಗೌರವಿಸುವ ಹೊಣೆಯಿದೆ.

ಮನೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಪ್ರಿಯ ಓದುಗರೇ, ಇದು ವಿಶ್ವವಿದ್ಯಾಲಯಗಳ ತಲೆನೋವು, ನಮಗೇಕೆ ಎನ್ನಬೇಡಿ. ನಮ್ಮ ಮನೆಗಳಲ್ಲೂ ಅಳತೆ ನಡೆಯುತ್ತಲೇ ಇದೆ. ಪಕ್ಕದ ಮನೆಯವನಿಗೆ ಎಷ್ಟು ಬಂತು, ನಿನಗೆ ಎಷ್ಟು ಬಂತು ಎಂದು ಊಟದ ಹೊತ್ತಿಗೆ ಕೇಳುವುದೂ ಒಂದು ಅಳತೆಯೇ. ಅದು ಮಕ್ಕಳಿಗೆ ಕಲಿಸುವ ಪಾಠವೇನು? ನೀನು ಏನು ಕಲಿತೆ ಎಂಬುದು ಮುಖ್ಯವಲ್ಲ, ಏನು ತಂದೆ ಎಂಬುದೇ ಮುಖ್ಯ ಎಂದಲ್ಲವೇ?

ಬದಲಾಗಿ ಹೀಗೆ ಕೇಳಿ ನೋಡಿ. ಇವತ್ತು ನಿನಗೆ ಅರ್ಥವಾಗದೆ ಉಳಿದದ್ದು ಯಾವುದು? ಯಾರಿಗಾದರೂ ಪಾಠ ಹೇಳಿಕೊಟ್ಟೆಯಾ? ನಿನ್ನ ಅಭಿಪ್ರಾಯ ಬದಲಾಗುವಂತಹ ಮಾತೇನಾದರೂ ಕೇಳಿದೆಯಾ? ನೀವು ಶಾಲೆಯ ಮೆಟ್ಟಿಲು ಹತ್ತದವರಾದರೂ ಪರವಾಗಿಲ್ಲ. ಈ ಪ್ರಶ್ನೆಗಳನ್ನು ಕೇಳಲು ಯಾವ ಪದವಿಯೂ ಬೇಕಿಲ್ಲ. ಉತ್ತರ ಬರುವವರೆಗೆ ಕಾಯುವ ತಾಳ್ಮೆ ಬೇಕು, ಉತ್ತರ ಬರುವಾಗ ಟಿವಿಯ ಕಡೆಗೋ ಮೊಬೈಲಿನ ಕಡೆಗೋ ನೋಡದಿರುವ ಮನಸ್ಸು ಬೇಕು. ಮಕ್ಕಳಿಂದ ಗಮನ ಬಯಸುವ ನಾವು ಮೊದಲು ಅವರಿಗೆ ಗಮನ ಕೊಡಬೇಕಾಗುತ್ತದೆ.

ಯುವಜನರೇ, ನಿಮಗೂ ಒಂದು ಮಾತು. ನಿಮ್ಮ ಕಾಲೇಜಿನಲ್ಲಿ ಇಂತಹ ಸಮೀಕ್ಷೆಯ ಹಾಳೆ ಕೈಗೆ ಬಂದರೆ ಕಣ್ಣುಮುಚ್ಚಿ ಗುರುತು ಹಾಕಿ ಕೊಡಬೇಡಿ. ನಿಮ್ಮ ನಂತರ ಆ ಬೆಂಚಿನಲ್ಲಿ ಕೂರುವ ತಮ್ಮ ತಂಗಿಯರ ಪರವಾಗಿ ಸಾಕ್ಷಿ ಹೇಳುವ ಅವಕಾಶ ಅದು. ನಿಜವನ್ನೇ ಬರೆಯಿರಿ. ಹಾಳೆಯನ್ನು ಕೊಟ್ಟ ಮೇಲೆ ಅದೇ ಪ್ರಶ್ನೆಗಳನ್ನು ಒಮ್ಮೆ ನಿಮಗೆ ನೀವೇ ಕೇಳಿಕೊಳ್ಳಿ. ಆ ಉತ್ತರವನ್ನು ಯಾರೂ ಎಣಿಸುವುದಿಲ್ಲ, ಯಾವ ಪಟ್ಟಿಯಲ್ಲೂ ಅದು ಬರುವುದಿಲ್ಲ. ನಿಮ್ಮ ಮುಂದಿನ ಓದು ಹೇಗಿರಬೇಕೆಂದು ತೀರ್ಮಾನಿಸಲು ನಿಮಗೆ ಬೇಕಾಗಿರುವುದು ಆ ಉತ್ತರವೇ.